ಗೋಡೆಗಿಳಿದ ಹೊನ್ನೆ

ಫೋನಿನಲ್ಲಿ ದನಿ ಕೇಳಿದ ಕೂಡಲೇ ಯಾರೆಂದು ಗೊತ್ತಾಯಿತು. ಹನ್ನೊಂದು ಮಳೆಗಾಲ ಕಳೆದಿವೆ. ಆದರೂ ಕೆಲವು ದನಿಗಳು ಕಿವಿ ಬಿಟ್ಟು ಹೋಗುವುದಿಲ್ಲ.

"ಮಂಜಪ್ಪ, ನಾನು ಸುಬ್ರಾಯ ಸರ್ ಮಾತಾಡ್ತಿರೋದು," ಎಂದರು. ತಮ್ಮನ್ನು ತಾವೇ ಸರ್ ಎಂದು ಕರೆದುಕೊಳ್ಳುವವರನ್ನು ನಾನು ಇವರೊಬ್ಬರನ್ನೇ ನೋಡಿದ್ದು. "ಒಂದು ಹೊನ್ನೆ ಲೋಟ ಬೇಕಾಗಿತ್ತು ಮಾರಾಯ. ಶುಗರ್ ಬಂದಿದೆ, ಅದರಲ್ಲಿಟ್ಟ ನೀರು ಕುಡಿದ್ರೆ ಇಳಿಯುತ್ತಂತೆ. ಆನ್‌ಲೈನಲ್ಲಿ ಒಂದು ತರಿಸಿದ್ದೆ, ನೀರು ಹಾಕಿಟ್ರೆ ಎಷ್ಟು ಹೊತ್ತಾದ್ರೂ ನೀರು ನೀರಾಗೇ ಇರುತ್ತೆ. ಒರಿಜಿನಲ್ ಹೊನ್ನೆ ಅಂದ್ರೆ ಬಣ್ಣ ಬಿಡಬೇಕು ಅಲ್ವಾ?"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಹಲೋ, ಕೇಳ್ತಾ ಇದೆಯಾ? ನಿನ್ನ ಹತ್ರ ಆದ್ರೆ ಮೋಸ ಇರಲ್ಲ ಅಂತ ಫೋನ್ ಮಾಡಿದೆ."

ಕೈಯಲ್ಲಿ ಉಳಿ ಹೊಡೆಯುವ ಕೊಡತಿ ಇತ್ತು. ಅದನ್ನು ಮೆಲ್ಲಗೆ ಕೆಳಗಿಟ್ಟೆ. ಕೈಯಲ್ಲೇ ಇದ್ದಿದ್ದರೆ ಫೋನಿನ ಗತಿ ಏನಾಗುತ್ತಿತ್ತೋ. ಒರಿಜಿನಲ್ ಹೊನ್ನೆ ಬಣ್ಣ ಬಿಡಬೇಕಂತೆ. ಹನ್ನೊಂದು ವರ್ಷದ ಹಿಂದೆ ಇದೇ ಬಾಯಿ, ಹೊನ್ನೆ ಬಣ್ಣ ಬಿಟ್ಟಿತು ಎಂಬ ಕಾರಣಕ್ಕೇ, ಊಟಕ್ಕೆ ಬಂದ ಅಷ್ಟೂ ಜನರ ಎದುರು ನನ್ನನ್ನು ಮರಗಳ್ಳ ಎಂದಿತ್ತು.

"ನೋಡ್ತೀನಿ ಸರ್," ಎಂದು ಫೋನಿಟ್ಟೆ. ಆಮೇಲೆ ಏಣಿ ಹಾಕಿ ಅಟ್ಟ ಹತ್ತಿದೆ. ಮೂಲೆಯಲ್ಲಿ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ತುಂಡು ಹಾಗೇ ಇತ್ತು. ಧೂಳು ಒರೆಸಿ ಉಳಿಯಿಂದ ಒಂದು ಚೂರು ಕೆತ್ತಿದೆ. ಒಳಗಿಂದ ಅದೇ ಜೇನುಬಣ್ಣ, ಅದೇ ಒಗರು ವಾಸನೆ. ಆ ವಾಸನೆ ಮೂಗಿಗೆ ಹೋದದ್ದೇ ತಡ, ಆ ವರ್ಷದ ಬೇಸಿಗೆ ಮತ್ತು ಮಳೆ ಎರಡೂ ಎದೆಯ ಮೇಲೆ ಬಂದು ಕೂತವು.

ಮೊದಲು ಹೊನ್ನೆ ಎಂದರೆ ಏನೆಂದು ಹೇಳಬೇಕು. ಹೇಳದಿದ್ದರೆ ನನ್ನ ಸಿಟ್ಟು ನಿಮಗೆ ಹತ್ತುವುದಿಲ್ಲ.

ಹೊನ್ನೆಗೆ ಕೊಡಲಿ ಬಿದ್ದರೆ ಕೆಂಪು ರಸ ಇಳಿಯುತ್ತದೆ. ಮೊದಲ ಸಲ ನೋಡಿದಾಗ ನಾನು ನಿಜಕ್ಕೂ ಎರಡು ಹೆಜ್ಜೆ ಹಿಂದೆ ಸರಿದಿದ್ದೆ, ಯಾರದೋ ಕಾಲಿಗೇ ಏಟು ಬಿತ್ತೆಂದು. ಹೊರಗಿನ ಬಿಳಿ ಭಾಗ ಕೆಲಸಕ್ಕೆ ಬಾರದು, ಹುಳ ತಿನ್ನುತ್ತದೆ. ಒಳಗಿನ ಕೆಚ್ಚು ಇದೆಯಲ್ಲ, ಅದು ಹೊಸದರಲ್ಲಿ ಅರಿಸಿನ ಬೆರೆಸಿದ ಜೇನಿನ ಹಾಗೆ, ಹಳತಾದ ಮೇಲೆ ಕಾಯಿಸಿದ ಬೆಲ್ಲದ ಹಾಗೆ. ಆ ಕೆಚ್ಚಿಗೆ ಗೆದ್ದಲು ಬಾಯಿ ಹಾಕುವುದಿಲ್ಲ. ನಮ್ಮ ಕಡೆಯ ಮಳೆಗೆ ನೂರು ವರ್ಷ ಎದುರು ನಿಂತ ಹೊನ್ನೆ ಕಂಬಗಳನ್ನು ನಾನೇ ಬಿಚ್ಚಿದ್ದೇನೆ, ಬುಡ ಕೂಡ ಮೆತ್ತಗಾಗಿರಲಿಲ್ಲ. ನೇಗಿಲಿಗೆ, ಗಾಡಿಗೆ, ಕಂಬಕ್ಕೆ, ಬಾಗಿಲಿಗೆ ಹಿಂದಿನವರು ಇದನ್ನೇ ಹುಡುಕುತ್ತಿದ್ದರು. ಸಾಗುವಾನಿ ಒಳ್ಳೆ ಮನೆಯ ಮಗುವಿನ ಹಾಗೆ, ಯಾರು ಕೆತ್ತಿದರೂ ಕೆತ್ತಿಸಿಕೊಳ್ಳುತ್ತದೆ. ಹೊನ್ನೆ ಹಾಗಲ್ಲ. ಅದರ ಎಳೆ ಒಂದು ಸುತ್ತು ಬಲಕ್ಕೆ ಹೋದರೆ ಇನ್ನೊಂದು ಸುತ್ತು ಎಡಕ್ಕೆ. ಕೀಸುಳಿ ಒಂದು ಕಡೆಯಿಂದ ನುಣ್ಣಗೆ ಓಡಿತೆಂದು ಹಿಗ್ಗುವಷ್ಟರಲ್ಲಿ ಮುಂದಿನ ಗೇಣಿನಲ್ಲಿ ಎಳೆ ಕಿತ್ತು ಬಂದಿರುತ್ತದೆ. ಗಂಟೆಗೊಂದು ಸಲ ಉಳಿ ಮಸೆಯಬೇಕು. ಪುಡಿ ಮೂಗಿಗೆ ಹೋದರೆ ಸೀನು ನಿಲ್ಲುವುದಿಲ್ಲ.

ಎಲ್ಲಕ್ಕಿಂತ ದೊಡ್ಡದು ಅದರ ಬಣ್ಣ. ಬೆವರಿದ ಕೈಯಲ್ಲಿ ಹೊನ್ನೆ ಹಿಡಿದರೆ ಕೈ ಹಳದಿ. ಕೆಲಸ ಕಲಿಯುವಾಗ ಒಂದು ಸಂಜೆ ಮನೆಗೆ ಹೋದರೆ ಅಮ್ಮ ನನ್ನ ಅಂಗೈ ನೋಡಿ, ಕಾಮಾಲೆ ಬಂದಿದೆಯೆಂದು ನೆಲನೆಲ್ಲಿ ಅರೆದು ಕುಡಿಸಿದ್ದಳು. ಬೇಡವೆಂದರೂ ಕೇಳಲಿಲ್ಲ. ಹಸಿ ಹೊನ್ನೆಯನ್ನು ಸುಣ್ಣಕ್ಕೋ ಸಿಮೆಂಟಿಗೋ ತಾಗಿಸಿ ಇಟ್ಟು ಅದರ ಮೇಲೆ ನೀರು ಬಿದ್ದರೆ ಮುಗಿಯಿತು. ಒಳಗಿದ್ದ ಬಣ್ಣವೆಲ್ಲ ಗೋಡೆಗಿಳಿಯುತ್ತದೆ.

ಅದಕ್ಕೇ ನನ್ನ ಗುರು ಶೇಷಾಚಾರ್ರು ಹೇಳುತ್ತಿದ್ದ ಮಾತು: "ಹೊನ್ನೆಗೆ ಒಂದು ಮಳೆ ನೀರಲ್ಲಿ, ಒಂದು ಮಳೆ ನೆರಳಲ್ಲಿ." ಅಂದರೆ ಕಡಿದ ದಿಮ್ಮಿಯನ್ನು ಒಂದು ಮಳೆಗಾಲ ಕೆರೆಯಲ್ಲಿ ಮುಳುಗಿಸಿಡಬೇಕು, ರಸ ಬಿಡಲಿ ಅಂತ. ಆಮೇಲೆ ಕೊಯ್ದು, ಸಂದಿ ಬಿಟ್ಟು ಪೇರಿಸಿ, ಮುಂದಿನ ಮಳೆಗಾಲ ಮುಗಿಯುವ ತನಕ ನೆರಳಲ್ಲಿ ಒಣಗಿಸಬೇಕು. ಅಷ್ಟಾದ ಮೇಲೆಯೇ ಅದಕ್ಕೆ ಉಳಿ.

ನಾನು ಹಿನ್ನೀರಿನಾಚೆಯ ತುಮರಿ ಕಡೆಯವನು. ಏಳನೇ ಕ್ಲಾಸು ಮುಗಿಸಿ ಹೊಳೆಬಾಗಿಲಿನ ಲಾಂಚು ಹತ್ತಿ ಈಚೆ ದಡಕ್ಕೆ ಬಂದವನು ಹೈಸ್ಕೂಲಿಗೆ ಹೋಗಲಿಲ್ಲ, ಸಾಗರದ ಹತ್ತಿರ ಆಚಾರ್ರ ಮರಗೆಲಸದ ಕೊಟ್ಟಿಗೆಗೆ ಹೋದೆ. ಅದಕ್ಕೆ ನನಗೆ ಇವತ್ತಿಗೂ ನಾಚಿಕೆ ಇಲ್ಲ. ಹದಿನಾಲ್ಕು ವರ್ಷ ಅವರ ಕೈಕೆಳಗೆ ದುಡಿದೆ. ಅವರಿಗೆ ಮಂಡಿ ಹಿಡಿದು ಕೂರಲಾಗದೆ ಹೋದ ವರ್ಷ, ತಮ್ಮ ಅಳತೆಕೋಲನ್ನು ನನ್ನ ಕೈಗೆ ಕೊಟ್ಟರು. ಬೀಟೆ ಮರದ್ದು, ಅವರ ಅಜ್ಜನ ಕಾಲದ್ದು, ಅಂಗುಲದ ಗುರುತುಗಳಿಗೆ ಹಿತ್ತಾಳೆ ಚುಕ್ಕಿ ಕೂರಿಸಿದ್ದು. "ಇನ್ನು ನನ್ನ ಹೆಸರು ನಿನ್ನ ಕೈಲಿ," ಎಂದಷ್ಟೇ ಹೇಳಿದರು. ಆ ಕೋಲು ಹಿಡಿದು ನಾನು ಒಪ್ಪಿಕೊಂಡ ಮೊದಲ ದೊಡ್ಡ ಕೆಲಸ ಸುಬ್ರಾಯ ಸರ್ ಮನೆಯದು.

ಸುಬ್ರಾಯ ಸರ್ ತೀರ್ಥಹಳ್ಳಿಯಲ್ಲಿ ಲೆಕ್ಚರರ್ ಆಗಿದ್ದು ನಿವೃತ್ತಿಯಾದವರು. ಹೊಸನಗರದ ಹತ್ತಿರ ತಮ್ಮ ಜಾಗದಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದರು. ಸುತ್ತಿನ ಯಾವ ಸಭೆ ಆದರೂ ವೇದಿಕೆಯ ಮೇಲೆ ಅವರಿಗೊಂದು ಕುರ್ಚಿ. ಅವರ ಮಾತೆಂದರೆ ನಾಲ್ಕೂರಿಗೆ ಮಾತು. ಅವರ ಹಿತ್ತಿಲಲ್ಲಿ ಇಬ್ಬರು ತಬ್ಬಿದರೂ ಕೈ ಕೂಡದಷ್ಟು ದಪ್ಪದ ಹೊನ್ನೆ ಇತ್ತು. ಅರಣ್ಯ ಇಲಾಖೆಯ ಅಪ್ಪಣೆ ತೆಗೆದುಕೊಂಡು ಮಾಘ ಮಾಸದಲ್ಲಿ ಕಡಿಸಿದರು. ದಿಮ್ಮಿಗಳ ಮುಖಕ್ಕೆ ಇಲಾಖೆಯವರು ಸುತ್ತಿಗೆಯಿಂದ ಮುದ್ರೆ ಹೊಡೆದು ಹೋದರು. ನಾನು ಕೋಲು ಹಿಡಿದು ಅಳೆದೆ. ಮುಂಬಾಗಿಲಿನ ಚೌಕಟ್ಟು, ನಾವು ದಾರಂದ ಎನ್ನುತ್ತೇವೆ, ಅದು ಒಂದೇ ಮರದಲ್ಲಿ ತುಂಡಿಗೆ ತುಂಡು ಸೇರಿಸದೆ ಆಗುವಂಥ ಮರ. ಜೀವಮಾನದಲ್ಲಿ ಒಂದು ಸಲ ಸಿಗುವುದು.

"ಗೃಹಪ್ರವೇಶ ಜ್ಯೇಷ್ಠದಲ್ಲಿ," ಎಂದರು ಸರ್.

"ಮುಂದಿನ ವರ್ಷವಾ ಸರ್?"

"ಈ ವರ್ಷ ಮಾರಾಯ. ಮುಹೂರ್ತ ಇಟ್ಟಾಗಿದೆ."

ನಾನು ನೀರು ನೆರಳಿನ ಮಾತು ಹೇಳಿದೆ. ಮರ ಕೆರೆಗೆ ಹಾಕೋಣ, ಈಗ ಬೇಕಾದರೆ ತಾತ್ಕಾಲಿಕ ಬಾಗಿಲು ಕೂರಿಸಿಕೊಡುತ್ತೇನೆ, ಎರಡು ವರ್ಷ ಬಿಟ್ಟು ಹೊನ್ನೆ ಕೂರಿಸೋಣ ಎಂದೆ. ಪಕ್ಕದಲ್ಲಿ ಶಿವಮೊಗ್ಗದಿಂದ ಬಂದ ಇಂಜಿನಿಯರ್ ನಿಂತಿದ್ದರು. ಎಳೆ ವಯಸ್ಸು, ಕೈಯಲ್ಲಿ ನಕ್ಷೆ, ಕಾಲಿಗೆ ಮಣ್ಣು ತಾಗದ ಶೂ.

"ಎರಡು ತಿಂಗಳು ಬಿಸಿಲಿಗೆ ಇಟ್ರೆ ಸಾಕು," ಎಂದರು ಅವರು. "ಇವರ ಹಳೇ ಲೆಕ್ಕ ಹಿಡಿದ್ರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ಬಾಗಿಲು ಬರುತ್ತೆ ಸರ್."

ಸರ್ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, "ನೀನು ಎಷ್ಟನೇ ಕ್ಲಾಸಿನ ತನಕ ಓದಿದ್ದೀಯ ಮಂಜಪ್ಪ?" ಎಂದರು. ಮೆತ್ತಗೇ ಕೇಳಿದರು. ಅದೇ ಜಾಸ್ತಿ ಉರಿದದ್ದು.

ಆ ಕ್ಷಣ ನಾನು ಚೀಲ ಎತ್ತಿಕೊಂಡು ಹೊರಡಬೇಕಿತ್ತು. ಹೊರಡಲಿಲ್ಲ. ಕಾರಣ ಹೇಳಿದರೆ ನನಗೇ ನಾಚಿಕೆ. ಆ ಮರವನ್ನು ಬೇರೆಯವನ ಉಳಿಗೆ ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಆ ದಾರಂದ ನಾನೇ ಮಾಡಬೇಕು, ಹೋಗಿ ಬರುವವರೆಲ್ಲ ಇದು ಮಂಜಪ್ಪನ ಕೆಲಸ ಎನ್ನಬೇಕು ಎಂಬ ಆಸೆ. ಹೇಗೂ ಗೋಡೆಗೆ ತಾಗುವ ಹಿಂಬದಿಗೆ ಎರಡು ಕೈ ಗೇರೆಣ್ಣೆ, ಗೇರುಬೀಜದ ಸಿಪ್ಪೆಯಿಂದ ತೆಗೆದದ್ದು, ಬಳಿದರೆ ಬಣ್ಣ ಕಟ್ಟುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಆ ಬೇಸಿಗೆ ದುಡಿದ ಹಾಗೆ ನಾನು ಇನ್ಯಾವತ್ತೂ ದುಡಿದಿಲ್ಲ. ಜೊತೆಗೆ ಚಂದ್ರ ಇದ್ದ, ನನ್ನ ವಯಸ್ಸಿನವನೇ, ಆಚಾರ್ರ ಬಳಿಯೇ ಕಲಿತವನು. ಹಸಿ ಹೊನ್ನೆ ಕೆತ್ತುವಾಗ ಉಳಿಯ ಬಾಯಿಗೆ ಮೇಣದ ಹಾಗೆ ಅಂಟು ಹತ್ತುತ್ತಿತ್ತು. ಬಟ್ಟೆ, ಬೀಡಿಕಟ್ಟು, ಬುತ್ತಿ, ಎಲ್ಲ ಹಳದಿ. ಮೇಲಿನ ಪಟ್ಟಿಗೆ ಬಳ್ಳಿ ಎಳೆದೆ, ಎರಡೂ ಕಡೆ ಬಾಳೆಮೋತೆ, ಎಂದರೆ ಬಾಳೆಹೂವು, ಕೂರಿಸಿದೆ. ಎಳೆ ತಿರುಗುವ ಕಡೆಯೆಲ್ಲ ಉಳಿ ಬಿಟ್ಟು ಗಾಜಿನ ಚೂರಿನಲ್ಲಿ ಹೆರೆದು ನುಣ್ಣಗೆ ಮಾಡಿದೆ.

"ಮಂಜಣ್ಣ, ಈ ಮರ ಇನ್ನೂ ಉಸಿರಾಡ್ತಾ ಇದೆ," ಎಂದ ಚಂದ್ರ ಒಂದು ದಿನ, ಅಂಗೈಯನ್ನು ಹಲಗೆ ಮೇಲಿಟ್ಟು. "ನಾಳೆ ನಮ್ ತಲೆಗೇ ಬರುತ್ತೆ ನೋಡು."

"ನಾವು ಹೇಳೋದು ಹೇಳಿದೀವಿ. ಅವ್ರು ಕೇಳ್ಲಿಲ್ಲ. ನಮ್ದೇನು ತಪ್ಪು?"

ಈ ಮಾತು ನಾನು ಆಡಿದ್ದು. ಬರೆದಿಡುತ್ತಿದ್ದೇನೆ, ಮುಂದೆ ಬೇಕಾಗುತ್ತದೆ.

ಕೂರಿಸುವ ದಿನ ಗೇರೆಣ್ಣೆ ಡಬ್ಬ ತೆಗೆದರೆ ಇಂಜಿನಿಯರ್ ಮೂಗು ಮುಚ್ಚಿಕೊಂಡರು. ಕಪ್ಪಗಿದೆ, ನಾತ ಇದೆ, ಇದರ ಮೇಲೆ ಸಿಮೆಂಟ್ ಹಿಡಿಯುವುದಿಲ್ಲ, ಬೇಡ. ಸರ್ ಕೂಡ ಬೇಡ ಎಂದರು. ಡಬ್ಬ ಮುಚ್ಚಿದೆ. ಹಸಿ ದಾರಂದ ಹಸಿ ಸಿಮೆಂಟಿನೊಳಗೆ ಕೂತಿತು. ಕಿಟಕಿಗಳದ್ದೂ ಅದೇ ಕಥೆ. ಗೋಡೆಗೆಲ್ಲ ಹಾಲಿನ ಹಾಗೆ ಬಿಳಿ ಬಣ್ಣ ಹೊಡೆದರು. ನಾನು ಮಾಡಿದ್ದು ಒಂದೇ ಒಳ್ಳೆ ಕೆಲಸ: ಮೇಲಿನ ಪಟ್ಟಿಯ ತುದಿಯಿಂದ ಕೊಯ್ದ ಗೇಣುದ್ದದ ತುಂಡನ್ನು ಸರ್ ಹೆಂಡತಿಯ ಅಪ್ಪಣೆ ಕೇಳಿ ಮನೆಗೆ ತಂದೆ. ಅದು ಆಚಾರ್ರ ಪದ್ಧತಿ. ಮಾಡಿದ ಪ್ರತಿ ದಾರಂದದ್ದೂ ಒಂದು ತುಂಡು ಅಟ್ಟದ ಮೇಲಿರಬೇಕು, ಮುಂದೆ ರಿಪೇರಿ ಬಂದರೆ ಅದೇ ಮರ ಬೇಕಾಗುತ್ತದೆ ಎಂದು. ಆ ತುಂಡಿನ ಮುಖದ ಮೇಲೆ ಇಲಾಖೆಯ ಸುತ್ತಿಗೆ ಮುದ್ರೆ ಅರ್ಧ ಉಳಿದಿತ್ತು.

ಗೃಹಪ್ರವೇಶಕ್ಕೆ ಎರಡು ದಿನ ಮೊದಲು ರೋಹಿಣಿ ಮಳೆ ಹಿಡಿಯಿತು. ಎರಡೂ ದಿನ ಬಿಡದೆ ಹೊಡೆಯಿತು. ಮೂರನೇ ದಿನ ಬೆಳಿಗ್ಗೆ ನಾನು ನನ್ನ ಹೆಂಡತಿ ಗಿರಿಜಾಳ ಜೊತೆ ಬಸ್ಸಿಳಿದು ಅವರ ಗೇಟಿನ ಬಳಿ ಹೋದಾಗ ನನ್ನ ಕಾಲು ನಿಂತಿತು. ಮುಂಬಾಗಿಲಿನ ಎರಡೂ ಬದಿಯಿಂದ, ಪ್ರತಿ ಕಿಟಕಿಯ ಕೆಳಗಿಂದ, ಬಿಳಿ ಗೋಡೆಯ ಮೇಲೆ ಹಳದಿ ಕೆಂಪು ಓಕುಳಿ ಇಳಿದಿತ್ತು. ಮನೆ ಅತ್ತು ಅತ್ತು ಕಣ್ಣುಕಪ್ಪು ಹರಡಿಕೊಂಡ ಮದುಮಗಳ ಹಾಗೆ ಕಾಣುತ್ತಿತ್ತು.

ನಮ್ಮ ಕಡೆ ಗೃಹಪ್ರವೇಶದ ದಿನ ಊಟಕ್ಕೆ ಎಲೆ ಹಾಕುವ ಮೊದಲು ಮನೆ ಕಟ್ಟಿದವರಿಗೆ ಉಡುಗೊರೆ ಮಾಡುತ್ತಾರೆ. ತಟ್ಟೆಯಲ್ಲಿ ವೀಳ್ಯ, ಅಡಿಕೆ, ತೆಂಗಿನಕಾಯಿ, ಒಂದು ಪಂಚೆ, ಒಂದು ಶಲ್ಯ. ಯಜಮಾನರೇ ಎದ್ದು ನಿಂತು ಎಲ್ಲರೆದುರು ಕೊಡುತ್ತಾರೆ. ಪಂಚೆ ಯಾರಿಗೆ ಬೇಕು? ಆ ಹೊತ್ತು ಬೇಕು. ವರ್ಷವೆಲ್ಲ ಮೈ ಮುರಿದವನ ಹೆಸರನ್ನು ನಾಲ್ಕು ಜನ ಕೇಳುವ ಹೊತ್ತು ಅದೊಂದೇ. ಗಿರಿಜಾ ಅದಕ್ಕೇ ಮದುವೆಯ ಸೀರೆ ಉಟ್ಟು ಬಂದಿದ್ದಳು.

ಮೇಸ್ತ್ರಿಗೆ ಉಡುಗೊರೆಯಾಯಿತು. ಎರಡನೆಯ ತಟ್ಟೆ ಸರ್ ಕೈಗೆ ಬಂತು. ನಾನು ಒಂದು ಹೆಜ್ಜೆ ಮುಂದೆ ಬಂದೆ. ಸರ್ ತಟ್ಟೆ ಹಿಡಿದೇ ಗೋಡೆಯ ಕಡೆ ನೋಡಿದರು.

"ಇದೇನು ಮಂಜಪ್ಪ?"

ನಾನು ಬಾಯಿ ತೆರೆಯುವ ಮೊದಲೇ ಇಂಜಿನಿಯರ್ ಹೇಳಿದರು. "ಒರಿಜಿನಲ್ ಹೊನ್ನೆ ಹೀಗೆ ಬಣ್ಣ ಬಿಡಲ್ಲ ಸರ್. ಇದ್ಯಾವುದೋ ಕಾಡು ಮರಕ್ಕೆ ಬಣ್ಣ ಹೊಡೆದು ಕೂರಿಸಿದ ಹಾಗಿದೆ. ಮಿಲ್ಲಲ್ಲಿ ಕೊಯ್ಸೋವಾಗ ದಿಮ್ಮಿ ಬದಲಾಗೋದು ಮಾಮೂಲು."

ಅವರಿಗೆ ತಮ್ಮ ತಲೆ ಉಳಿಸಿಕೊಳ್ಳಬೇಕಿತ್ತು, ಅದು ನನಗೆ ಅರ್ಥವಾಗುತ್ತದೆ. ಆದರೆ ಸರ್? ಎರಡು ತಿಂಗಳು ದಿನಾ ಸಂಜೆ ಕುರ್ಚಿ ಹಾಕಿಕೊಂಡು ಕೂತು ನಾನು ಕೆತ್ತುವುದನ್ನು ನೋಡಿದವರು. ನನ್ನ ಹಳದಿ ಕೈಯಿಂದ ಕವಳಕ್ಕೆ ವೀಳ್ಯದೆಲೆ ತೆಗೆದುಕೊಂಡವರು.

"ಸರ್, ಬಣ್ಣ ಬಿಟ್ಟಿದ್ದಕ್ಕೇ ಅದು ಹೊನ್ನೆ," ಎಂದೆ.

ಹಿಂದೆ ಯಾರೋ ನಕ್ಕರು. "ಸಿಕ್ಕಿಬಿದ್ದೋನ ಬಾಯಿ ಜೋರು ನೋಡು," ಎಂದು ಇನ್ಯಾರೋ ಅಂದರು.

"ನನ್ನ ಅಜ್ಜ ನೆಟ್ಟ ಮರ ಅದು," ಎಂದರು ಸರ್. ದನಿ ಏರಿಸಲಿಲ್ಲ, ಕ್ಲಾಸಿನಲ್ಲಿ ಪಾಠ ಹೇಳುವ ಹಾಗೆ ಎಲ್ಲರಿಗೂ ಕೇಳುವಂತೆ ಹೇಳಿದರು. "ಅದನ್ನು ಯಾರಿಗೋ ಮಾರಿ ನನಗೆ ಸೌದೆ ಕೂರಿಸಿಕೊಟ್ಟಿದ್ದೀಯ. ಮರ ಕದಿಯೋ ಕೈಗೆ ನಾನು ವೀಳ್ಯ ಕೊಡೋದಿಲ್ಲ."

ತಟ್ಟೆಯನ್ನು ಕಿಟಕಿಯ ಮೇಲಿಟ್ಟರು. ನಾನೇ ಮಾಡಿದ ಕಿಟಕಿ.

ಗೋಡೆಯ ಮೇಲೆ ಹೊನ್ನೆ ತನ್ನ ಹೆಸರನ್ನು ಅಷ್ಟು ದೊಡ್ಡದಾಗಿ ಬರೆದಿತ್ತು. ಅಲ್ಲಿದ್ದವರಲ್ಲಿ ಕಾಲೇಜು ಓದದವರೇ ಕಮ್ಮಿ. ಒಬ್ಬರಿಗೂ ಓದಲು ಬರಲಿಲ್ಲ. ನಾನು ಗಿರಿಜಾಳ ಕೈ ಹಿಡಿದು ಹೊರಬಂದೆ. ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಅವಳು ಸೀರೆಯ ಅಂಚಿನ ಕೆಸರು ಒರೆಸಿಕೊಂಡಳು. ಆಮೇಲೆ ಅಂದಳು, "ಊಟ ಬಿಟ್ಟು ಬರಬಾರದಾಗಿತ್ತು ನೀವು. ಎಲೆ ಮುಂದೆ ಕೂತು ಉಂಡು ಬರಬೇಕಿತ್ತು. ಎದ್ದು ಬಂದ್ರೆ ಹೌದು ಅಂತ ಒಪ್ಪಿಕೊಂಡ ಹಾಗೆ."

ಅವಳು ಹೇಳಿದ ಹಾಗೇ ಆಯಿತು. ಮೃಗಶಿರ ಮಳೆ ಮುಗಿಯುವುದರೊಳಗೆ ಮಾತು ಸಾಗರದ ತನಕ ಬಂತು. ತೀರ್ಥಹಳ್ಳಿ ಕಡೆಯ ಒಂದು ಮನೆಯವರು ಬೇರೆಯವರಿಗೆ ಹೇಳಿದ್ದೇವೆ ಎಂದು ಫೋನು ಮಾಡಿದರು. ಅವರೇ ವಾಸಿ. ಆನಂದಪುರದ ಒಬ್ಬರು ಕೆಲಸ ಕೊಡುತ್ತೇವೆ ಎಂದರು, ಆದರೆ ಮಿಲ್ಲಿಗೆ ಮರ ಹೋದಾಗ ಜೊತೆಗೆ ತಮ್ಮ ಭಾವನನ್ನು ಕಳಿಸುತ್ತಾರಂತೆ, ಕಾಯಲಿಕ್ಕೆ. ನಾನೇ ಬೇಡ ಎಂದೆ. ಚಂದ್ರ ಎರಡು ವಾರ ಕಾದ, ಆಮೇಲೆ ಪ್ಲೈವುಡ್ ಕೆಲಸಕ್ಕೆ ಹೋದ. ನನಗೆ ಉಳಿದದ್ದು ಆಚಾರ್ರ ಕೋಲು. ಕಳ್ಳನ ಕೈಯಲ್ಲಿ ಅವರ ಅಜ್ಜನ ಕೋಲು ಇರಬಾರದೆಂದು, ಪಂಚೆಯಲ್ಲಿ ಸುತ್ತಿಕೊಂಡು ಅವರ ಮನೆಗೆ ಹೋದೆ.

ಆಚಾರ್ರು ಜಗಲಿಯಲ್ಲಿ ಕಾಲು ಚಾಚಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಕೋಲನ್ನು ಅವರ ಮುಂದಿಟ್ಟೆ.

"ಎಂತಕ್ಕೆ ಇದು?"

"ನಿಮ್ಮ ಹೆಸರು ಹಾಳು ಮಾಡಿದೆ. ನಾನು ಮರ ಕದೀಲಿಲ್ಲ ಆಚಾರ್ರೇ."

"ಕದ್ದಿಲ್ಲ ಅಂತ ನಂಗೊತ್ತು. ಕದಿಯೋಕೂ ಸ್ವಲ್ಪ ಬುದ್ಧಿ ಬೇಕು." ಎಣ್ಣೆ ಬಟ್ಟಲು ಪಕ್ಕಕ್ಕಿಟ್ಟರು. "ಮರ ಎಷ್ಟು ಮಳೆ ಕಂಡಿತ್ತು?"

ನಾನು ಕೋಲಿನ ಹಿತ್ತಾಳೆ ಚುಕ್ಕಿಗಳ ಕಡೆ ನೋಡಿದೆ.

"ಕೇಳಿದ್ದಕ್ಕೆ ಹೇಳು. ಎಷ್ಟು ಮಳೆ?"

"ಒಂದೂ ಇಲ್ಲ."

"ಹಂಗಾದ್ರೆ ಯಾವ ಬಾಯಲ್ಲಿ ಬಂದಿದೀಯ?"

"ನಾನು ಹೇಳ್ದೆ ಆಚಾರ್ರೇ. ಅವ್ರು ಕೇಳ್ಲಿಲ್ಲ. ನಂದೇನು ತಪ್ಪು?"

"ಅವ್ರು ಕೇಳ್ಲಿಲ್ಲ ಸರಿ. ಉಳಿ ಯಾರ ಕೈಲಿತ್ತು? ಅವ್ರ ಕೈಲಿತ್ತಾ?" ಆ ಮುದುಕರಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. "ಆ ಮೇಷ್ಟ್ರಿಗೆ ಮರ ಗೊತ್ತಿಲ್ಲ, ಇಂಜಿನಿಯರಿಗೂ ಗೊತ್ತಿಲ್ಲ. ಗೊತ್ತಿದ್ದೋನು ಇಡೀ ಮನೇಲಿ ನೀನೊಬ್ಬ. ಗೊತ್ತಿದ್ದೂ ಹಸಿ ಹೊನ್ನೆ ಗೋಡೆಗೆ ಇಟ್ಯಲ್ಲ, ಆ ಮರ ಎಷ್ಟು ವರ್ಷ ನಿಂತಿತ್ತು, ಇನ್ನೆರಡು ಮಳೆ ಕಾಯೋಕೆ ನಿಂಗಾಗ್ಲಿಲ್ವಾ? ಕಳ್ಳ ಅಂದ್ರಲ್ಲ, ಅದು ಸುಳ್ಳು. ಅದನ್ನು ಅವ್ರು ನುಂಗ್ಲಿ. ಇದು ನಿಂದು. ಇದನ್ನು ನೀನು ನುಂಗು."

ಎಲ್ಲರೆದುರು ಕೇಳಿದ ಮಾತಿಗಿಂತ ಆ ಜಗಲಿಯಲ್ಲಿ ಕೇಳಿದ ಮಾತು ಆಳಕ್ಕೆ ಹೋಯಿತು. ಒಂದು ಸುಳ್ಳು, ಇನ್ನೊಂದು ನಿಜ. ಸುಳ್ಳಿನ ಮೇಲೆ ಸಿಟ್ಟು ಮಾಡಬಹುದು, ನಿಜದ ಮೇಲೆ ಏನು ಮಾಡುವುದು? ನನ್ನ ಸಿಟ್ಟು ಅಂದಿನಿಂದ ಎರಡು ಬಾಯಿಯ ಕತ್ತಿಯಾಗಿದೆ. ಒಂದು ಬಾಯಿ ನನ್ನ ಕಡೆಗೇ ಇದೆ.

ಕೋಲನ್ನು ಅವರು ಮುಟ್ಟಲೇ ಇಲ್ಲ. "ಎತ್ಕೊ. ಗೇರೆಣ್ಣೆ, ಅಗಸೆ ಎಣ್ಣೆ ತಗೊ. ನಾಳೆ ಹೋಗಿ ಸರಿ ಮಾಡಿ ಬರೋಣ," ಎಂದರು.

ಆರಿದ್ರೆ ಮಳೆ. ಮಂಡಿ ಬಗ್ಗದ ಮುದುಕರನ್ನು ಆಟೋದಲ್ಲಿ ಕೂರಿಸಿಕೊಂಡು ಹೋದೆ. ಸರ್ ನಮ್ಮನ್ನು ನೋಡಿ ಬಾಗಿಲಲ್ಲೇ ನಿಂತರು, ಒಳಗೆ ಕರೆಯಲಿಲ್ಲ. ಆಚಾರ್ರು ಅದನ್ನು ಗಮನಕ್ಕೇ ತೆಗೆದುಕೊಳ್ಳದೆ ಮೆಟ್ಟಿಲ ಮೇಲೆ ಕೂತು, "ತಾಯಿ, ಒಂದು ಗಾಜಿನ ಲೋಟದಲ್ಲಿ ನೀರು ಕೊಡಿ. ಕುಡಿಯೋಕಲ್ಲ," ಎಂದರು. ಸರ್ ಹೆಂಡತಿ ಸುಮಿತ್ರಮ್ಮ ತಂದುಕೊಟ್ಟರು. ಆಚಾರ್ರು ದಾರಂದದ ಒಳಅಂಚಿನಿಂದಲೇ, ಸರ್ ಕಣ್ಣೆದುರೇ, ಉಳಿಯಿಂದ ನಾಲ್ಕು ಚಕ್ಕೆ ಎಬ್ಬಿಸಿ ನೀರಿಗೆ ಹಾಕಿದರು.

"ಇದು ಹೊನ್ನೆ ಆದ್ರೆ ಬಿಸಿಲಲ್ಲಿ ನೀರು ನೀಲಿ ಹೊಳೀಬೇಕು. ಬೇರೆ ಯಾವ ಮರಕ್ಕೂ ಈ ಗುಣ ನಾನು ಕಂಡಿಲ್ಲ. ಹೊಳೀದಿದ್ರೆ ಇವನ ಕೈ ಕಡೀರಿ, ಕತ್ತಿ ನಾನು ಕೊಡ್ತೀನಿ."

"ಬಿಸಿಲು ಎಲ್ಲಿದೆ ಆಚಾರ್ರೇ?" ಎಂದರು ಸರ್.

"ಬರುತ್ತೆ. ನಮಗೇನು ಅರ್ಜೆಂಟಿಲ್ಲ."

ಆರಿದ್ರೆ ಮಳೆಯಲ್ಲಿ ಬಿಸಿಲಿಗೆ ಕಾಯುವುದೆಂದರೆ ಏನೆಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಲೋಟ ಮೆಟ್ಟಿಲ ಮೇಲೆ. ಆಚೆ ಆಚಾರ್ರು, ಈಚೆ ನಾನು. ಸರ್ ಪೇಪರ್ ಹಿಡಿದು ಕುರ್ಚಿಯಲ್ಲಿ ಕೂತರು, ಒಂದೂ ಪುಟ ತಿರುವದೆ. ಕಾದು ಕೂರುವ ಬದಲು ನಾನು ಕಿಟಕಿಗಳ ಸಂದಿ ಕೆರೆದು ಗೇರೆಣ್ಣೆ ಹಿಡಿಸಿದೆ, ಕಾಣುವ ಕಡೆ ಅಗಸೆ ಎಣ್ಣೆ ತಿಕ್ಕಿದೆ. ನೀರು ಚಹಾದ ಬಣ್ಣಕ್ಕೆ ಬಂದಿತ್ತು, ಅಷ್ಟೇ. ಮಧ್ಯಾಹ್ನ ದಾಟಿತು. ಆಗ ಗುಡ್ಡದ ಕಡೆ ಮೋಡ ಒಂದು ಅಂಗೈಯಷ್ಟು ಸರಿದು, ಅಂಗಳಕ್ಕೆ ಬಿಸಿಲು ಬಿತ್ತು. ಆಚಾರ್ರು ಲೋಟವನ್ನು ಎತ್ತಿ ಬಿಸಿಲಿಗೆ ಹಿಡಿದರು. ನೀರಿನ ಅಂಚಿನಲ್ಲಿ ನವಿಲಿನ ಕುತ್ತಿಗೆಯ ನೀಲಿ ಹೊತ್ತಿಕೊಂಡಿತು.

"ನೀಲಿ ಆಗ್ತಾ ಇದ್ದು, ನೋಡಿ ಇಲ್ಲಿ," ಎಂದರು ಸುಮಿತ್ರಮ್ಮ ಗಂಡನಿಗೆ, ತಮ್ಮ ಮನೆಮಾತಿನಲ್ಲಿ. "ಎಂತ ಹೇಳ್ತ್ರಿ ಈಗ?"

ಸರ್ ಎದ್ದು ಬಂದು ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಹೌದಾ," ಎಂದರು.

ಅಷ್ಟೇ. ಮತ್ತೇನಾದರೂ ಬರುತ್ತದೆಂದು ನಾನು ಕಾದೆ. ಸುಮಿತ್ರಮ್ಮ ಒಳಗೆ ಹೋಗಿ, ಅವತ್ತಿನ ಪಂಚೆ ಶಲ್ಯ ಹುಡುಕಿ ತಟ್ಟೆಯಲ್ಲಿಟ್ಟು ತಂದರು. ಸರ್ ಅವರಿಗೆ, "ಈಗ ಯಾಕೆ ಅದೆಲ್ಲ, ಇರ್ಲಿ ಬಿಡು," ಎಂದರು. ಮೋಡ ಮುಚ್ಚಿತು. ಕಳ್ಳ ಎಂದದ್ದು ಊಟಕ್ಕೆ ಬಂದ ಅಷ್ಟೂ ಜನರ ಎದುರು. ಹೌದಾ ಎಂದದ್ದು ಮೂರು ಜನರ ಎದುರು. ಆ ಹೌದಾ ಗೇಟು ದಾಟಲಿಲ್ಲ. ಅವರ ಬಾಯಿಂದ ಒಂದು ಮಾತು, ಯಾವುದಾದರೂ ಒಂದು ಸಭೆಯಲ್ಲಿ, ಒಂದು ಮದುವೆಯಲ್ಲಿ ಬಂದಿದ್ದರೆ ಸಾಕಿತ್ತು. ಬರಲಿಲ್ಲ. ನನ್ನ ಹೆಸರನ್ನು ನಾನೇ ಒಂದೊಂದು ಬಾಗಿಲಿನಿಂದ ಹೆಕ್ಕಿ ತಂದೆ. ಏಳು ವರ್ಷ ಹಿಡಿಯಿತು. ಆಚಾರ್ರು ಅದನ್ನು ನೋಡಲು ಉಳಿಯಲಿಲ್ಲ, ಕೋಲು ನನ್ನಲ್ಲೇ ಉಳಿಯಿತು. ಈಗ ಆನಂದಪುರದ ರಸ್ತೆ ಬದಿಯಲ್ಲಿ ನನ್ನದೇ ಶೆಡ್ ಇದೆ. ಎರಡು ಮಳೆ ಕಾಣದ ಹೊನ್ನೆಗೆ ಉಳಿ ಇಡುವುದಿಲ್ಲ. ಅರ್ಜೆಂಟ್ ಎಂದು ಬಂದವರಿಗೆ ಎದುರಿನ ಪ್ಲೈವುಡ್ ಅಂಗಡಿ ತೋರಿಸುತ್ತೇನೆ.

ಲೋಟ ಮಾಡಿದೆ. ಅದೇ ಅಟ್ಟದ ತುಂಡಿನಿಂದ. ಸಿಟ್ಟಿನಲ್ಲಿ ಲೇತ್ ಮುಂದೆ ನಿಲ್ಲಬಾರದು, ಆದರೂ ಕೈ ತಪ್ಪಲಿಲ್ಲ. ಹನ್ನೊಂದು ಮಳೆ ಒಣಗಿದ ಮರ ಗಂಟೆಯ ಹಾಗೆ ಸದ್ದು ಕೊಡುತ್ತಿತ್ತು. ತಳದಲ್ಲಿ ಇಲಾಖೆಯ ಅರ್ಧ ಮುದ್ರೆಯನ್ನು ಹಾಗೇ ಉಳಿಸಿದೆ. ಈ ನೀರು ಕುಡಿದರೆ ಶುಗರ್ ಇಳಿಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ಅದು ಡಾಕ್ಟರ್ ಹೇಳಬೇಕು. ನನಗೆ ಮರ ಗೊತ್ತು.

ಮೊನ್ನೆ ಸಂತೆಯ ದಿನ ಸರ್ ಕಾರಿನಲ್ಲಿ ಬಂದರು. ಬೆನ್ನು ಬಾಗಿದೆ, ಕೈಗೆ ಊರುಗೋಲು ಬಂದಿದೆ. ಪಕ್ಕದ ಚಹಾ ಅಂಗಡಿಯಲ್ಲಿ ಜನ ತುಂಬಿತ್ತು, ಎಲ್ಲರಿಗೂ ಅವರ ಗುರುತು ಉಂಟು, ಎದ್ದು ಕೈಮುಗಿದರು. ನಾನು ಹೊರಗೆ ಬೆಂಚಿನ ಮೇಲೆ, ಬಿಸಿಲಿನಲ್ಲಿ, ಲೋಟಕ್ಕೆ ನೀರು ತುಂಬಿ ಬೆಳಿಗ್ಗೆಯೇ ಇಟ್ಟಿದ್ದೆ. ಆ ನೀರನ್ನು ಗಾಜಿನ ಗ್ಲಾಸಿಗೆ ಬಗ್ಗಿಸಿ ಅವರ ಕಣ್ಣಿನ ಎತ್ತರಕ್ಕೆ ಹಿಡಿದೆ. ನೀಲಿ ಹೊಳೆಯಿತು.

"ಇದು ಒರಿಜಿನಲ್," ಎಂದರು. ಮುಖ ಅರಳಿತು. ಲೋಟ ಎತ್ತಿ ತಿರುಗಿಸಿ ನೋಡಿ ಜೇಬಿಗೆ ಕೈ ಹಾಕಿದರು. "ಎಷ್ಟಾಯ್ತು ಹೇಳು."

"ದುಡ್ಡು ಬೇಡ ಸರ್. ತಟ್ಟೆ ತಂದಿಲ್ವಾ?"

ಅವರ ಕೈ ಜೇಬಿನಲ್ಲೇ ನಿಂತಿತು. ಮರೆತಿರಲಿಲ್ಲ ಅವರು. ನನಗೆ ಅಷ್ಟು ಗೊತ್ತಾದದ್ದೇ ಒಂದು ಲಾಭ.

"ಅದೆಲ್ಲ ಹಳೇ ಮಾತು ಮಂಜಪ್ಪ."

"ಮರಾನೂ ಹಳೇದೇ ಸರ್. ನಿಮ್ಮ ಅಜ್ಜ ನೆಟ್ಟಿದ್ದು. ನಿಮ್ಮ ದಾರಂದದ್ದೇ ತುಂಡು, ಮುದ್ರೆ ನೋಡಿ ಬೇಕಾದ್ರೆ. ತಟ್ಟೆ ಬೇಡ ಬಿಡಿ. ಅವತ್ತು ಅಂದದ್ದು ತಪ್ಪು ಅಂತ ಒಂದು ಮಾತು, ಇವರಿಗೆ ಕೇಳೋ ಹಾಗೆ ಹೇಳಿ. ಲೋಟ ತಗೊಂಡು ಹೋಗಿ."

ಸರ್ ಲೋಟದ ತಳ ನೋಡಿದರು. ಚಹಾ ಅಂಗಡಿಯ ಕಡೆ ನೋಡಿದರು. ತುಟಿ ಅಲುಗಿತು. ಜೀವನವೆಲ್ಲ ಮಾತಾಡಿಯೇ ಸಂಬಳ ತೆಗೆದುಕೊಂಡವರು, ಒಂದು ಮಾತಿಗೆ ಅಷ್ಟು ತಡಕಾಡಿದ್ದನ್ನು ನೋಡಿ ನನಗೆ ಒಂದು ಗಳಿಗೆ ಅಯ್ಯೋ ಅನ್ನಿಸಿತು. ಅನ್ನಿಸಿದ್ದಕ್ಕೂ ಸಿಟ್ಟೇ ಬಂತು. ಕೊನೆಗೆ ಅವರು ಲೋಟವನ್ನು ಬೆಂಚಿನ ಮೇಲೆ ಮೆಲ್ಲಗೆ ಇಟ್ಟು, ಕೋಲೂರಿಕೊಂಡು ಹೋಗಿ ಕಾರು ಹತ್ತಿದರು.

ಕಾರು ತಿರುಗಿದ ಮೇಲೆ ಚಹಾ ಅಂಗಡಿಯವನು ಗ್ಲಾಸು ಒರೆಸುತ್ತಾ ಬಂದ. "ಏನು ಮಂಜಣ್ಣ, ಸರ್ ಲೋಟ ಬಿಟ್ಟೇ ಹೋದ್ರಲ್ಲ?"

"ಮರ್ತಿದಾರೆ," ಎಂದೆ. "ನೆನಪಾದಾಗ ಬರ್ತಾರೆ. ಇಲ್ಲೇ ಇಟ್ಟಿರ್ತೀನಿ."